ಮೀನು ಅಳೆಯುವ ಕೈ
ಪಲ್ಲವಿಯ ಗಂಡ ಸಿದ್ದೇಶ ಕರಾವಳಿಯಲ್ಲಿ ಮೀನುಗಳ ಸಂಶೋಧಕ. ಬಂಗುಡೆ ಮೀನು ಅಳೆದೂ ಅಳೆದೂ, ಕನ್ನಡಿ ಮುಂದೆ ತನ್ನ ಮೀಸೆಯನ್ನೂ ಅಳೆಯುತ್ತಾನೇನೋ ಎಂದು ಅವಳಿಗೆ ಅನುಮಾನ. ದಡದಲ್ಲಿ ಬಲೆಯವರ ಬೆನ್ನು ಹತ್ತಿ, "ಮರಿ ಬಿಡ್ರಪ್ಪಾ, ಅವು ಬೆಳೆದು ಮೊಟ್ಟೆನಾದ್ರೂ ಇಡ್ಲಿ" ಎಂದು ಗೋಗರೆಯುವವನು ಹೊಳಲ್ಕೆರೆಯ ಬಸ್ಸು ಹತ್ತಿದೊಡನೆ ಮೂಕ. ಅಲ್ಲಿರುವ ಪಲ್ಲವಿಯ ತವರು ಮೀನು ಮುಟ್ಟದ ಮನೆತನ; ಗಂಡನಿಗೆ ಬಂದರಿನ ಆಫೀಸಿನಲ್ಲಿ ಕೆಲಸವೆಂದು ಅವಳೇ ಅಲ್ಲಿ ಹೇಳಿಬಿಟ್ಟಿದ್ದಾಳೆ. "ಅಳಿಯಂದ್ರೇ, ಹಡಗು ಎಷ್ಟು ದೊಡ್ಡವಿರ್ತಾವ್ರೀ?" ಎಂದು ಮಾವ ಶಿವಕುಮಾರಪ್ಪ ಕೇಳಿದರೆ, "ಭಾರಿ ದೊಡ್ಡವು ಬಿಡ್ರಿ" ಎಂದು ಅವಳ ಮಾನ ಉಳಿಸುತ್ತಾನೆ. ಆಮೇಲೆ ಹಿತ್ತಲಿಗೆ ಹೋಗಿ ಸೀಗೆಪುಡಿಯಲ್ಲಿ ಮತ್ತೆ ಕೈ ತಿಕ್ಕುತ್ತಾನೆ. ಮೀನು ಮುಟ್ಟಿ ವಾರವಾದರೂ, ತೊಟ್ಟಿಲಿನ ಮಗಳು ಕೈ ಚಾಚಿದಾಗ ಮೊದಲು ತನ್ನ ಬೆರಳುಗಳನ್ನು ಮೂಸಿ ನೋಡಿಯೇ ಎತ್ತಿಕೊಳ್ಳುತ್ತಾನೆ. ಅದನ್ನು ಕಲಿಸಿದವಳು ಪಲ್ಲವಿ. ಆ ಗಳಿಗೆಯಲ್ಲಿ ಅವನ ಮುಖ ನೋಡಲು ಅವಳಿಂದ ಆಗುವುದಿಲ್ಲ.