ಕುಂಜತ್ತೂರಿನ ಹಳೇ ಲೆನ್ಸು

ಕುಂಜತ್ತೂರಿನ ಪೀಯುಸ್ ಅಂಕಲ್‌ಗೆ ಒಂದು ಅಭ್ಯಾಸ. ಪ್ರತಿ ಭಾನುವಾರ ಇಗರ್ಜಿಯಿಂದ ಬಂದವರೇ ತಮ್ಮ ಹಳೇ ಕ್ಯಾಮೆರಾ ತೆಗೆದು, ಲೆನ್ಸಿನ ಮೇಲೆ ‘ಹಾ’ ಎಂದು ಉಸಿರು ಬಿಟ್ಟು, ಕರವಸ್ತ್ರದಿಂದ ಒರೆಸಿ, ಮತ್ತೆ ಚರ್ಮದ ಚೀಲದೊಳಗೆ ಮುಚ್ಚಿಡುವುದು. ನಾನು ಅದನ್ನು ಕೊಳ್ಳಲು ಹೋದ ದಿನವೂ ನನ್ನೆದುರೇ ಹಾಗೆ ಮಾಡಿದರು.

“ಇಷ್ಟು ವರ್ಷ ಗಾಳಿ ತಾಗಿಸಲಿಲ್ಲ, ಗೊತ್ತುಂಟಾ?” ಎಂದರು.

“ನನ್ನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದವರಲ್ಲ ಮಾರಾಯ್ತಿ,” ಎಂದರು ಅವರ ಹೆಂಡತಿ.

ನಗಬೇಕೋ ಬೇಡವೋ ತಿಳಿಯದೆ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೆ. ಪುಟ್ಟ ಕಿಂಡಿಯಲ್ಲಿ ಆಂಟಿಗೆ ಎರಡು ಮೂಗು. ಲೆನ್ಸಿನ ಉಂಗುರ ತಿರುಗಿಸಿದಾಗ ಅವು ಸರಿದು ಒಂದಾದವು. ಫೋಕಸ್ ಸರಿಯಿತ್ತು, ಶಟರ್ ಕೂಡ. ಇದು ನನ್ನದೇ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ.

ಕೊನೆಗೆ ಲೆನ್ಸನ್ನು ಬಿಚ್ಚಿ, ಹಿಂದಿನಿಂದ ಮೊಬೈಲಿನ ಟಾರ್ಚ್ ಹಿಡಿದೆ. ಒಳಗಿನ ಗಾಜಿನ ತುಂಬ ಬೇರಿನಂಥ ಬಿಳಿ ಎಳೆಗಳು. ಗಾಳಿ ಕಾಣದ ಆ ಚೀಲದಲ್ಲಿ, ಕಡಲ ತೇವಕ್ಕೆ ಬೆಳೆದ ಫಂಗಸ್. ಅದು ಗಾಜನ್ನೇ ತಿಂದಿತ್ತು. ಉಪ್ಪಿನಕಾಯಿಗೆ ಹಿಡಿಯುವ ಬೂಷ್ಟೇ ಇದಕ್ಕೂ ಹಿಡಿದಿದೆ ಎಂದು ಇವರಿಗೆ ಹೇಗೆ ಹೇಳುವುದು? ನಾನು ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲೂ ಅದಕ್ಕೊಂದು ಮೆತ್ತಗಿನ ಪದ ಇರಲಿಲ್ಲ.

ಅಂಕಲ್ ನನ್ನ ಮುಖವನ್ನೇ ನೋಡುತ್ತಿದ್ದರು.

“ಎಂತ, ಕನ್ನಡಿಯ ಹಾಗೆ ಉಂಟಲ್ಲ?” ಎನ್ನುತ್ತಾ ಅಂಕಲ್ ಕೈ ಚಾಚಿದರು. “ನಾನು ಒಮ್ಮೆಯೂ ಹೀಗೆ ಬೆಳಕು ಬಿಟ್ಟು ನೋಡಿದ್ದಿಲ್ಲ. ನನಗೂ ತೋರಿಸು ಮಗಳೇ.”