ಲಿಂಬೆ ಗಿಡದ ಕೆಂಪು ಅರಿವಿ

ಬೆಳಿಗ್ಗೆ ಲೆನ್ಸ್ ಒರೆಸುವ ಬಟ್ಟೆಗೆಂದು ಕ್ಯಾಮೆರಾ ಚೀಲದೊಳಗೆ ಕೈ ಹಾಕಿದರೆ ಗೇಣುದ್ದದ ಕೆಂಪು ಚಿಂದಿಯೊಂದು ಬೆರಳಿಗೆ ಸಿಕ್ಕಿತು. ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡು. ಮೂಗಿಗೆ ಹಿಡಿದರೆ ಈಗಲೂ ಲಿಂಬೆ ಎಲೆಯ ವಾಸನೆ ಬರುತ್ತದೆ. ನನಗೆ ಹಾಗೆನಿಸುತ್ತದೆ, ಅಷ್ಟೇ. ನಿಮಗೆ ಬರಲಿಕ್ಕಿಲ್ಲ.

ಇಂಡಿ ಊರಿನ ಬಜಾರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಇದ್ದದ್ದನ್ನು ಇದ್ದ ಹಾಗೆ ಬಿಡದಿರುವುದೇ ನನ್ನ ಕಸುಬು. ಮದುಮಗಳ ಸೆರಗು ಸರಿಪಡಿಸುತ್ತೇನೆ, ಮದುಮಗನ ಗದ್ದ ಎತ್ತುತ್ತೇನೆ. ಕೋಟು ಕಂಡರಿಯದವರಿಗೆ ಕಂಪ್ಯೂಟರಿನಲ್ಲಿ ಕೋಟು ತೊಡಿಸಿದ್ದೇನೆ, ಕೆನ್ನೆಯ ಮಚ್ಚೆ ಅಳಿಸಿದ್ದೇನೆ. ತೀರಿಹೋದ ಅಜ್ಜನೊಬ್ಬನನ್ನು ಮೊಮ್ಮಗನ ಮದುವೆಯ ಗುಂಪಿನಲ್ಲಿ ನಿಲ್ಲಿಸಿದ್ದೂ ಉಂಟು. ಆ ಫೋಟೋದಲ್ಲಿ ಎಲ್ಲರಿಗಿಂತ ಚೆನ್ನಾಗಿ ನಕ್ಕವನು ಅವನೇ.

ಇಂಥವನಿಗೆ ಹಕ್ಕಿಗಳ ಹುಚ್ಚು ಹಿಡಿದರೆ ಏನಾಗಬೇಡ? ಜೋಳ ಕಿತ್ತ ಮೇಲೆ ಬೋಳಾಗುವ ಎರೆಹೊಲಗಳಲ್ಲಿ ವಸಂತ ಇಲ್ಲವೆಂದು ತಿಳಿದವರು ಸ್ಕೂಟರ್ ಇಳಿದು ನೋಡಿದವರಲ್ಲ. ದೇವರ ಹಿಪ್ಪರಗಿ ಕಡೆ ಹೋಗುವಾಗ ತಂತಿಯ ಮೇಲೆ ನೀಲಕಂಠ ಕೂತಿರುತ್ತದೆ, ಹಳ್ಳದ ದಂಡೆಯ ಬಿಲಗಳಿಂದ ಕಳ್ಳಿಪೀರಗಳು ಹಾರುತ್ತವೆ. ಟಿಟ್ಟಿಭದ ಮೊಟ್ಟೆಗಾಗಿ ಒಮ್ಮೆ ಹೊಲದಲ್ಲಿ ಬೋರಲು ಮಲಗಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ರೈತನೊಬ್ಬ, ಬಿಸಿಲಿಗೆ ತಲೆಸುತ್ತಿ ಬಿದ್ದಿದ್ದಾನೆಂದು ತಂಬಿಗೆ ನೀರು ತಂದು ನನ್ನ ಬೆನ್ನಿಗೆ ಸುರಿದ. ಹಕ್ಕಿ ಹಾರಿತು, ನನಗೂ ತಂಪಾಯಿತು.

ಆದರೆ ನನ್ನ ನಿಜವಾದ ಪಾಠ ಆದದ್ದು ಪಕ್ಕದ ಮನೆಯಲ್ಲಿ. ಹುಸೇನಬಿ ಅಕ್ಕನ ಹಿತ್ತಿಲಲ್ಲಿ ಹತ್ತು-ಹನ್ನೆರಡು ಲಿಂಬೆ ಗಿಡಗಳಿವೆ. ಕಾಯಿ ಹರಿಯುವವರು ಉದ್ದ ಕೋಲಿಗೆ ಕೊಕ್ಕೆ ಕಟ್ಟಿಕೊಂಡು ಬಂದು ಟೊಂಗೆ ಹಿಡಿದು ಜಗ್ಗುತ್ತಾರೆ. ಮುಳ್ಳಿನ ಗಿಡ, ಒಳಗೆ ಏನಿದೆಯೆಂದು ಯಾರು ಬಗ್ಗಿ ನೋಡುತ್ತಾರೆ? ಅದಕ್ಕೇ ಅಕ್ಕ ಹಕ್ಕಿ ಗೂಡು ಕಟ್ಟಿದ ಗಿಡಕ್ಕೆ ಕೆಂಪು ಅರಿವಿಯೊಂದನ್ನು, ಹಳೆ ಸೀರೆಯ ಚಿಂದಿಯನ್ನು, ಕಟ್ಟುತ್ತಿದ್ದಳು. ಅರಿವಿ ಇದ್ದ ಗಿಡಕ್ಕೆ ಮರಿ ಹಾರುವವರೆಗೆ ಕೊಕ್ಕೆ ಹಾಕಬಾರದು. ಅವಳ ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ. ಕಾಯಿ ಹಣ್ಣಾಗಿ ಉದುರಿದರೆ ಉದುರಲಿ ಎನ್ನುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಹೋಳಿ ಹುಣ್ಣಿಮೆ ಕಳೆದ ಮೇಲೆ ಅಲ್ಲೊಂದು ಪಿಕಳಾರ ಗೂಡು ಕಟ್ಟಿತು. ಮೂರು ಮರಿಗಳು. ತಾಯಿ ಹುಳ ತಂದಾಗ ಮೂರೂ ಒಟ್ಟಿಗೆ ಬಾಯಿ ತೆರೆಯುತ್ತಿದ್ದವು. ಬೆಳಕು ಸರಿಯಾಗಿತ್ತು, ಕೋನ ಸರಿಯಾಗಿತ್ತು, ಚೌಕಟ್ಟಿನ ಮೂಲೆಯಲ್ಲಿ ಮಾತ್ರ ಆ ಕೆಂಪು ಅರಿವಿ. ನನ್ನ ಕಸುಬಿನ ಕೈ ಸುಮ್ಮನಿರಲಿಲ್ಲ. ಬಿಚ್ಚಿ ಚೀಲಕ್ಕೆ ತುರುಕಿದೆ. ಅಂಥ ಫೋಟೋ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಅದೇ ಖುಷಿಯಲ್ಲಿ ಮನೆಗೆ ಬಂದು ಎರಡು ಕಪ್ ಚಹಾ ಕುಡಿದೆ. ಅರಿವಿ ಚೀಲದಲ್ಲೇ ಉಳಿಯಿತು.

ಮರುದಿನ ಕಾಯಿ ಹರಿಯುವವರು ಬಂದರು. ನಾನು ಎದ್ದು ಹೋಗುವಷ್ಟರಲ್ಲಿ ಗೂಡು ನೆಲದಲ್ಲಿ ಬೋರಲಾಗಿ ಬಿದ್ದಿತ್ತು. ಮೂರು ಮರಿಗಳೂ ಸತ್ತಿದ್ದವು. ತಾಯಿ ಹಕ್ಕಿ ಬಾಯಲ್ಲಿ ಹುಳ ಹಿಡಿದುಕೊಂಡೇ ಟೊಂಗೆಯಿಂದ ಟೊಂಗೆಗೆ ಹಾರುತ್ತಿತ್ತು. ಅರಿವಿ ಇಲ್ಲದ ಗಿಡಕ್ಕೆ ಕೊಕ್ಕೆ ಹಾಕಿದ್ದಾರೆ, ಅವರದೇನು ತಪ್ಪು? ನಾನು ಚೀಲದಿಂದ ಚಿಂದಿ ತೆಗೆದು ಅಕ್ಕನ ಮುಂದೆ ಹಿಡಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವಳು ಬಯ್ಯಲಿಲ್ಲ. ಬಗ್ಗಿ ಗೂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ತಮ್ಮಾ, ಆ ಅರಿವಿ ಚಂದ ಕಾಣ್ಲಿ ಅಂತ ಕಟ್ಟಿದ್ದಲ್ಲ. ಹರಿಯಾವ್ರ ಕಣ್ಣಿಗೆ ಬೀಳ್ಲಿ ಅಂತ ಕಟ್ಟಿದ್ದು," ಎಂದಳು. ನಾನು ಚಿಂದಿ ಮರಳಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ. "ನಿನ್ನ ಹಂತ್ಯಾಕ ಇರ್ಲಿ. ಇನ್ ಮ್ಯಾಲ ನೀನ ಕಟ್ಟು."

ಅಂದಿನಿಂದ ಕಟ್ಟುವವನು ನಾನೇ. ಆ ಮೂರು ಮರಿಗಳ ಫೋಟೋವನ್ನು ಇವತ್ತಿನವರೆಗೂ ಯಾರಿಗೂ ತೋರಿಸಿಲ್ಲ.

ಹೋದ ವರ್ಷ ಅದೇ ಗಿಡದ ಇನ್ನೊಂದು ಗೂಡಿನ ಫೋಟೋ ತೆಗೆದಿದ್ದೆ. ಒಂದು ಎಲೆ ಅಡ್ಡ ಬಂದಿದೆ, ಮೂಲೆಯಲ್ಲಿ ಅರಿವಿ ಇದೆ, ಹಕ್ಕಿ ಇದೆ. ಅದನ್ನು ವಿಜಯಪುರದ ಒಂದು ಪ್ರದರ್ಶನಕ್ಕೆ ಕಳಿಸಿದ್ದೆ. ನನ್ನ ಹೆಸರಿನ ಮೇಲೆ ಒಂದು ಹಕ್ಕಿ ಗೋಡೆಗೆ ಏರಬೇಕೆಂಬ ಆಸೆ ನನಗೆ ಬಹಳ ಇದೆ, ಮುಚ್ಚಿಡುವುದೇಕೆ? ನಿನ್ನೆ ಅಲ್ಲಿಂದ ಫೋನ್ ಬಂತು. ಮಾತನಾಡಿದವರು ಸಭ್ಯರು. ಫೋಟೋ ಛಲೋ ಬಂದಿದೆಯಂತೆ, ಆರಿಸಿದ್ದಾರಂತೆ, ಆದರೆ ಆ ಕೆಂಪು ಚಿಂದಿ ಕಣ್ಣಿಗೆ ಹೊಡೆಯುತ್ತದಂತೆ. ಕಂಪ್ಯೂಟರಿನಲ್ಲಿ ಅಳಿಸಿ ಕಳಿಸಿದರೆ ಮುಗಿಯಿತಂತೆ.

ನನಗೆ ಅದು ಎರಡು ನಿಮಿಷದ ಕೆಲಸ. ಸತ್ತ ಅಜ್ಜನನ್ನೇ ನಗಿಸಿದವನು ನಾನು.

"ಅದು ಕಣ್ಣಿಗೆ ಹೊಡೀಲಿ ಅಂತನ ಕಟ್ಟಿದ್ದರಿ," ಎಂದೆ. "ಒಮ್ಮೆ ಬಿಚ್ಚೇನಿ. ಇನ್ನೊಮ್ಮೆ ಬಿಚ್ಚಂಗಿಲ್ಲ."

ಹಾಗಾದರೆ ಗೋಡೆಗೆ ಹಾಕಲಾಗುವುದಿಲ್ಲ ಎಂದರು. ಆಗಲಿ ಎಂದೆ. ರಾತ್ರಿ ಆ ಫೋಟೋವನ್ನು ಎರಡು ಸಲ ತೆರೆದು ನೋಡಿದೆ, ಅದೂ ಸುಳ್ಳಲ್ಲ.

ಇವತ್ತು ಬೆಳಿಗ್ಗೆ ಚಿಂದಿ ಹಿಡಿದು ಹಿತ್ತಿಲಿಗೆ ಹೋದೆ. ಪಿಕಳಾರ ಮೊನ್ನೆಯಿಂದ ಕಾವಿಗೆ ಕೂತಿದೆ. ಅಕ್ಕನ ಕಣ್ಣು ಈಗ ಮಂಜು. ಕಟ್ಟೆಯ ಮೇಲೆ ಕೂತಲ್ಲಿಂದಲೇ ಗಂಟು ಬಿಗಿಯಾಯಿತೇ ಎಂದು ಕೇಳಿದಳು. ಮೂರು ಗಂಟು ಹಾಕಿದ್ದೇನೆ ಎಂದೆ. ಮುಳ್ಳು ಚುಚ್ಚಿ ಬೆರಳಲ್ಲಿ ರಕ್ತ ಬಂತು. ಒರೆಸಿಕೊಂಡು ಕ್ಯಾಮೆರಾ ಎತ್ತಿದೆ. ಈ ಸಲ ಹಕ್ಕಿ ಮಸುಕಾದರೆ ಆಗಲಿ ಎಂದು ಫೋಕಸ್ಸನ್ನು ಅರಿವಿಯ ಮೇಲೆಯೇ ಇಟ್ಟೆ.