ಸೊಪ್ಪು ಕೇಳಿದ ದನಿ

ರತ್ನಕ್ಕಾ, ಅವತ್ತು ನಿಮ್ಮ ಮನೆಯ ಬಾಗಿಲು ತೆಗೆಸಿದ ದನಿ ನನ್ನದು. ಬೀದಿಯಲ್ಲಿ ಬೈಕ್ ಹತ್ತಿರ ನಿಂತಿದ್ದೆ ಅಂತ ಕೋರ್ಟಿನಲ್ಲಿ ನಾನು ಹೇಳಿದ್ದು ಶುದ್ಧ ಸುಳ್ಳು.

ನಿಮ್ಮ ಜೊತೆ ಹೊಲದ ದಾರಿಯ ಜಗಳ ಇದ್ದದ್ದು ನನ್ನ ಭಾವನಿಗೆ. ಅವನೂ ಅವನ ಮೂವರು ಗೆಳೆಯರೂ ದೊಣ್ಣೆ ಹಿಡಿದು ಬಂದರೆ ನಿಮ್ಮ ಯಜಮಾನರು ಚಿಲಕ ಹಾಕಿಕೊಂಡಿದ್ದರು. ಭಾವ ನನ್ನ ಕಡೆ ತಿರುಗಿದ. "ನೀನು ಕೂಗಪ್ಪ, ನಿಂಗಾದ್ರೆ ತೆಗೀತಾರೆ." ನಮ್ಮ ಸಾದಲಿ ಕಡೆ ರೇಷ್ಮೆ ಹುಳ ಹಸಿದಿವೆ ಅಂದರೆ ಆಗದವರಿಗೂ ಹಿಪ್ಪುನೇರಳೆ ಸೊಪ್ಪು ಇಲ್ಲ ಅನ್ನುವುದಿಲ್ಲ. ಅದು ಗೊತ್ತಿದ್ದೇ ಕೂಗಿದೆ — "ಅಕ್ಕಾ, ಸೊಪ್ಪು ಸಾಲಲಿಲ್ಲ, ಹುಳ ಹಸ್ಕೊಂಡವೆ. ಒಂದು ಹೊರೆ ಕೊಡಕ್ಕಾ!"

"ಬಂದೆ ಇರಪ್ಪಾ" ಅಂದಿರಿ. ನನ್ನ ಮನೆಯಲ್ಲಿ ಆಗ ಒಂದು ಹುಳವೂ ಇರಲಿಲ್ಲ.

ಆಮೇಲೆ ಆದದ್ದು... ನಿಮ್ಮ ಬಲಗೈ, ಯಜಮಾನರ ಕಾಲು... ಜಗಲಿಯ ಮೇಲೆ ನಿಂತು ಎಲ್ಲ ಕೇಳಿಸಿಕೊಂಡೆ. ತಡೆಯಲಿಲ್ಲ, ಓಡಿಹೋಗಲೂ ಇಲ್ಲ — ಅದಕ್ಕೂ ದಮ್ಮು ಬೇಕಲ್ಲ!

ಕೂಗಿದವರು ಯಾರು ಅಂತ ಕೋರ್ಟಿನಲ್ಲಿ ನಿಮ್ಮನ್ನು ಕೇಳಿದರು. "ಗುರ್ತು ಸಿಗ್ಲಿಲ್ಲ ಸ್ವಾಮಿ" ಅಂದಿರಿ. ಸಿಗದೆ ಏನು? ಪ್ರತಿ ಬೆಳೆಗೂ ನಿಮ್ಮ ತೋಟದ ಸೊಪ್ಪು ಬೇಡಿದ ದನಿ ಅದು. ಹಾಗೆ ಹೇಳುವಾಗ ನೀವು ನೋಡುತ್ತಿದ್ದದ್ದು ಹಿಂದೆ ಮಗು ಎತ್ತಿಕೊಂಡು ನಿಂತಿದ್ದ ನನ್ನ ಹೆಂಡತಿಯನ್ನು. ನನ್ನ ಕಡೆ ಕಣ್ಣೆತ್ತಲೂ ಇಲ್ಲ.

ನನ್ನ ವಕೀಲರಿಗೆ ಅಷ್ಟೇ ಸಾಕಾಯಿತು. ನಾನು ಮುಗ್ಧನಂತೆ, ಭಾವನ ಮಾತು ಮೀರಲಾರದವನಂತೆ, ಯಾರ ಮೇಲೂ ಕೈ ಎತ್ತದವನಂತೆ! ಇವನ ಪಾತ್ರ ಸಣ್ಣದು ಅಂದರು ನ್ಯಾಯಾಧೀಶರು. ಉಳಿದವರಿಗೆ ವರ್ಷಗಟ್ಟಲೆ ಜೈಲು, ನನಗೆ ತಿಂಗಳುಗಳು. ತಲೆ ತಗ್ಗಿಸಿ ಕೈಮುಗಿದೆ — ಒಳಗೊಳಗೇ, ಬದುಕಿದೆಯಾ ಬಡಜೀವವೇ ಅಂದುಕೊಂಡು. ಥೂ, ನನ್ನ ಜನ್ಮಕ್ಕಿಷ್ಟು! ಹೊರಗೆ ಬಂದ ಮೇಲೂ ಟೀ ಅಂಗಡಿಯಲ್ಲಿ ಕೂತು "ಸುಮ್ನೆ ನಿಂತಿದ್ದವನನ್ನ ಒಳಗೆ ಹಾಕಿದ್ರು" ಅಂತ ಗೊಣಗಿದ್ದೇನೆ. ನಾಚಿಕೆ ಅನ್ನುವುದು ಬೇಡವೇ?

ಮೊನ್ನೆ ನಮ್ಮ ಮನೆಯಲ್ಲಿ ನಿಜವಾಗಿಯೂ ಸೊಪ್ಪು ಸಾಲಲಿಲ್ಲ. ಹೆಂಡತಿ ಮನೆ ಮನೆ ಅಲೆದು ಬರಿಗೈಯಲ್ಲಿ ಬಂದಳು. "ಕಿಟಕೀಲೇ ಮಾತಾಡ್ಸಿ ಕಳಿಸ್ತಾರೆ, ಯಾರೂ ಬಾಗ್ಲು ತೆಗಿಯಲ್ಲ. ಅವತ್ತು ಯಾವನೋ ಸೊಪ್ಪಂತ ಕೂಗಿದ್ನಲ್ಲ, ಅವನ ಬಾಯಿಗೆ ಹುಳ ಬೀಳ!"

ನಾನು ತಟ್ಟೆ ಮುಂದೆ ಕೂತಿದ್ದೆ. ಉಣ್ಣುತ್ತಲೇ ಇದ್ದೆ, ಅಕ್ಕಾ.

ನಾಳೆ ಮೊದಲು ಅವಳಿಗೆ ಹೇಳುತ್ತೇನೆ. ಆಮೇಲೆ ನಿಮ್ಮ ಮನೆ ಮುಂದೆ ಬಂದು, ಬೀದಿಗೆಲ್ಲ ಕೇಳುವ ಹಾಗೆ, ಕೂಗಿದವನು ನಾನೇ ಅಂತ ಹೇಳುತ್ತೇನೆ. ನೀವು ಬಾಗಿಲು ತೆಗೆಯಬೇಡಿ.